ಇ20 ಜಗಳ: ಮಂಡ್ಯದಲ್ಲಿ ಬೈಕೂ ನಮ್ಮದೇ, ಕಬ್ಬೂ ನಮ್ಮದೇ

(ತೆರೆಯಲ್ಲಿ: ಗಾಜಿನ ಬಾಟಲಿ. ಅರ್ಧ ಪೆಟ್ರೋಲ್, ಅರ್ಧ ನೀರು.)

ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಬಾಟಲಿಗೆ ಪೆಟ್ರೋಲ್ ಹಾಕುತ್ತಾರೆ, ಅಷ್ಟೇ ನೀರು ಹಾಕಿ ಕುಲುಕುತ್ತಾರೆ. ಸ್ವಲ್ಪ ಹೊತ್ತಿಗೆ ಕೆಳಗಿನ ನೀರು ಜಾಸ್ತಿ ಆಗಿರುತ್ತದೆ. "ನೋಡಿ, ಬಂಕ್‌ನವರು ನೀರು ಬೆರೆಸಿದ್ದಾರೆ!"

ಹೆಚ್ಚಾಗಿದ್ದು ನೀರಲ್ಲ, ಎಥನಾಲ್. ಅಂದರೆ ಕಬ್ಬು, ಧಾನ್ಯದಿಂದ ತಯಾರಿಸಿ ಪೆಟ್ರೋಲ್‌ಗೆ ಬೆರೆಸುವ ಆಲ್ಕೋಹಾಲ್. ನೀರು ಸಿಕ್ಕ ಕೂಡಲೇ ಅದು ಪೆಟ್ರೋಲ್ ಬಿಟ್ಟು ನೀರಿಗೆ ಸೇರಿಕೊಳ್ಳುತ್ತದೆ. ಇ20 ಅಂದರೆ 100 ಲೀಟರ್‌ನಲ್ಲಿ 20 ಲೀಟರ್ ಎಥನಾಲ್. ಹಾಗಾಗಿ 100 ಎಂ.ಎಲ್. ನೀರು ಸುಮಾರು 120 ಆಗಿ ಕಾಣಲೇಬೇಕು. ಎಥನಾಲ್ ಎಷ್ಟಿದೆ ಎಂದು ಅಳೆಯುವುದೂ ಹೀಗೇ. ಆದರೆ ಬಾಟಲಿ ತೋರಿಸಲು ಅರ್ಧ ನಿಮಿಷ ಸಾಕು, ಕಾರಣ ಹೇಳಲು ಸಾಲುವುದಿಲ್ಲ. ಊರೆಲ್ಲ ಸುತ್ತುವುದು ಬಾಟಲಿಯೇ.

(ತೆರೆಯಲ್ಲಿ: ಹಳೇ ಬೈಕ್, ಹಿಂದೆ ಕಬ್ಬಿನ ಗದ್ದೆ.)

2025ರ ಜುಲೈ, ಆಗಸ್ಟ್‌ನಲ್ಲಿ ಇ20 ಪೆಟ್ರೋಲ್ ಬೇಕೋ ಬೇಡವೋ ಎಂಬ ಈ ಜಗಳ ದೇಶದ ತುಂಬ ಜೋರಾಯಿತು. ಒಂದು ಕಡೆ "ನನ್ನ ಗಾಡಿ ಹಾಳಾಯ್ತು". ಇನ್ನೊಂದು ಕಡೆ "ನೀವು ರೈತರ ವಿರೋಧಿಗಳು". ಮಂಡ್ಯದಿಂದ ನೋಡಿದರೆ ಈ ಎರಡು ಗುಂಪೇ ಸುಳ್ಳು. ಇಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಕಬ್ಬು ಬೆಳೆಯುವವರೇ ಹಳೇ ಬೈಕ್‌ಗೆ ಪೆಟ್ರೋಲ್ ಹಾಕಿಸುವವರು. ಅವರು ಯಾವ ಗುಂಪಿಗೆ ಸೇರಬೇಕು?

ಮೈಲೇಜ್ ವಿಷಯ ನೋಡೋಣ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಐದನೇ ಒಂದು ಭಾಗ ಎಥನಾಲ್ ಇದ್ದರೆ ಒಟ್ಟು ಶೇ. 6–7ರಷ್ಟು ಇಳಿಕೆ. 50 ಕಿಲೋಮೀಟರ್ ಕೊಡುತ್ತಿದ್ದ ಬೈಕ್ 47ರ ಹತ್ತಿರ ಬರಬಹುದು. ಅರ್ಧಕ್ಕರ್ಧ ಬಿದ್ದಿದ್ದರೆ ಕಾರಣ ಬೇರೆ ಇರುತ್ತದೆ, ಮೆಕ್ಯಾನಿಕ್‌ಗೆ ತೋರಿಸಿ.

ನೀತಿ ಆಯೋಗದ 2021ರ ವರದಿಯಲ್ಲಿ ಕಾರಿನ ಬಗ್ಗೆ ಎರಡು ಲೆಕ್ಕ ಇವೆ. ಹಳೇ ವಿನ್ಯಾಸದ ಕಾರಿಗೆ ಶೇ. 6–7 ಇಳಿಕೆ. ಇ10ಗೆ (ಶೇ. 10 ಎಥನಾಲ್) ತಯಾರಾಗಿ ಇ20ಗೆ ಹೊಂದಿಸಿದ ಕಾರಿಗೆ ಶೇ. 1–2. ಒಬ್ಬರು ಮೊದಲನೇ ಅಂಕಿಯನ್ನಷ್ಟೇ ಹಂಚುತ್ತಾರೆ, ಇನ್ನೊಬ್ಬರು ಎರಡನೆಯದನ್ನಷ್ಟೇ. ಇಬ್ಬರ ಮಾತೂ ನಿಜವೇ. ಯಾವ ಗಾಡಿಗೆ ಅನ್ನುವುದನ್ನು ಮಾತ್ರ ಇಬ್ಬರೂ ಬಿಟ್ಟಿರುತ್ತಾರೆ. ಸಿಟ್ಟಿನ ವಿಡಿಯೋ ಪೂರ್ತಿ ನೋಡಿದಿರೋ, ಫೋನ್ ಅಂಥದ್ದೇ ಇನ್ನೊಂದನ್ನು ತಂದು ನಿಲ್ಲಿಸುತ್ತದೆ.

ಹಳೇ ಗಾಡಿಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಎಥನಾಲ್ ಕೆಲವು ಬಗೆಯ ರಬ್ಬರ್ ಭಾಗಗಳಿಗೆ ಒಗ್ಗುವುದಿಲ್ಲ. ಬಂಕ್‌ನಲ್ಲಿ ಇ10 ಬೇಕು ಅಂದರೆ ಸಿಗಬೇಕಿತ್ತು ಎಂದೇ ನನಗನಿಸುತ್ತದೆ.

(ತೆರೆಯಲ್ಲಿ: ಕಬ್ಬಿನ ಗಾಡಿಗಳ ಸಾಲು.)

ಇನ್ನು ರೈತರ ಹೆಸರು. ಕಬ್ಬಿನ ಎಫ್‌ಆರ್‌ಪಿ ದರ, ಅಂದರೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ, ನಿಲ್ಲುವುದು ಸಕ್ಕರೆ ಇಳುವರಿ ಮೇಲೆ, ಕಬ್ಬಿನಿಂದ ಎಷ್ಟು ಸಕ್ಕರೆ ಸಿಗುತ್ತದೆ ಅನ್ನುವುದರ ಮೇಲೆ. 2025–26ಕ್ಕೆ ಶೇ. 10.25 ಇಳುವರಿಗೆ ಟನ್‌ಗೆ 3,550 ರೂಪಾಯಿ. ಬಂಕ್‌ನಲ್ಲಿ ಎಥನಾಲ್ ಹೆಚ್ಚು ಖರ್ಚಾಯಿತು ಅಂತ ಈ ದರ ತಾನಾಗೇ ಏರುವುದಿಲ್ಲ. ಎಥನಾಲ್ ಮಾರಿದ ಕಾರ್ಖಾನೆಗೆ ದುಡ್ಡು ಬೇಗ ಬರುತ್ತದೆ, ಅದರಿಂದ ರೈತರ ಬಾಕಿಯೂ ಬೇಗ ತೀರಬಹುದು. ಲಾಭ ಇರುವುದು ಅಲ್ಲಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಎಂದು ಕಾನೂನೇ ಇದೆ. ರೈತರ ಪರ ಎಂದು ಪೋಸ್ಟ್ ಹಾಕುವವರು ಈ 14 ದಿನದ ಬಗ್ಗೆಯೂ ಕೇಳಬೇಕಲ್ವಾ?

ಈಗ ದೇಶದ ಎಥನಾಲ್‌ನಲ್ಲಿ ಹೆಚ್ಚು ಪಾಲು ಧಾನ್ಯದ್ದು, ಅದರಲ್ಲೂ ಮುಸುಕಿನ ಜೋಳದ್ದು. ಜಗಳ ಮಾತ್ರ ಕಬ್ಬಿನ ಹೆಸರಲ್ಲೇ ನಡೆಯುತ್ತಿದೆ.

ನನ್ನನ್ನು ಹೆಚ್ಚು ಕಾಡುವುದು ನೀರು. ಕಬ್ಬಿನಿಂದ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಎನ್ನುತ್ತದೆ ಅದೇ ನೀತಿ ಆಯೋಗದ ವರದಿ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ಮಂಡ್ಯ ಬಂದ್ ಮಾಡಿದವರು ನಾವು. ಆದರೂ ನೀರಿನ ಈ ಲೆಕ್ಕ ವಾಟ್ಸಾಪ್ ಗುಂಪುಗಳಲ್ಲಿ ಕಾಣುವುದೇ ಅಪರೂಪ.

ಕಾಮೆಂಟ್ ಹಾಕುವಾಗ ನಿಮ್ಮ ಗಾಡಿ ಯಾವ ವರ್ಷದ್ದು, ಟ್ಯಾಂಕ್ ಫುಲ್ ಮಾಡಿಸಿ ಮೈಲೇಜ್ ಅಳೆದಿದ್ದೀರಾ ಎಂದು ಬರೆಯಿರಿ. ಕಬ್ಬು ಬೆಳೆಯುವವರು, ಬಿಲ್ ಎಷ್ಟು ದಿನಕ್ಕೆ ಕೈಗೆ ಬಂತು ಎಂದು ತಿಳಿಸಿ. ಮುಂದಿನ ವಿಡಿಯೋ ಅದರ ಮೇಲೇ ಮಾಡುತ್ತೇವೆ.