ಅಂಗಡಿಯ ತಂಪು ಎಲ್ಲಿ ಸೋರುತ್ತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು ಇಡುವ ಬಾಗಿಲಿಲ್ಲದ ಕಪಾಟಿನ ಮುಂದೆ ನಿಂತಾಗ ಚಳಿ ಮೊದಲು ತಾಗುವುದು ಕಾಲಿಗೆ, ಅಲ್ವಾ? ತಂಪು ಗಾಳಿ ಭಾರ. ಕೆಳಗಿಳಿದು ನೆಲದ ಮೇಲೆ ಹರಿದುಹೋಗುತ್ತದೆ. ಅಂಗಡಿಯವರು ದುಡ್ಡು ಸುರಿದು ಮಾಡಿದ ತಂಪು ಅದು.

ಇಂಥ ಅಂಗಡಿಗಳ ಕರೆಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ತಂಪು ಮಾಡುವುದಕ್ಕೇ ಹೋಗುತ್ತದೆ. ಬಿಲ್ಲು ಜಾಸ್ತಿ ಬಂದರೆ ಎಲ್ಲರೂ ಕಂಪ್ರೆಸರ್ ಹಳೆಯದಾಯಿತು ಅಂತಾರೆ. ನಾನು ಹೇಳುವುದು, ಮೊದಲು ಕಪಾಟು ನೋಡಿ. ತೆರೆದ ಎತ್ತರದ ಕಪಾಟಿನಲ್ಲಿ ಕಂಪ್ರೆಸರ್ ಮೇಲೆ ಬೀಳುವ ಹೊರೆಯ ಸುಮಾರು ಮುಕ್ಕಾಲು ಪಾಲು ಹೊರಗಿನಿಂದ ನುಗ್ಗುವ ಗಾಳಿಯದ್ದೇ. ಆ ಗಾಳಿ ಬಿಸಿಯ ಜೊತೆ ತೇವವನ್ನೂ ತರುತ್ತದೆ, ತೇವ ಹೋಗಿ ಒಳಗಿನ ಕಾಯಿಲ್ ಮೇಲೆ, ಅಂದರೆ ಗಾಳಿಯನ್ನು ತಣ್ಣಗೆ ಮಾಡುವ ಕೊಳವೆಗಳ ಮೇಲೆ, ಹಿಮವಾಗಿ ಕೂರುತ್ತದೆ, ಕಾಯಿಲ್ಲಿನ ಸಂದುಗಳು ಕಟ್ಟಿಕೊಂಡು ಗಾಳಿಯೇ ಆಡುವುದಿಲ್ಲ. ಫ್ರೀಜರ್ ಆದರೆ ಆ ಹಿಮ ಕರಗಿಸಲು ಹೀಟರ್ ಹಾಕಬೇಕು, ಹೀಟರಿನ ಬಿಸಿ ತೆಗೆಯಲು ಮತ್ತೆ ಕಂಪ್ರೆಸರ್ ಓಡಬೇಕು!

ಅದಕ್ಕೇ ಗಾಜಿನ ಬಾಗಿಲು ಹಾಕಿಸಿ. ಬಾಗಿಲಿದ್ದರೆ ವ್ಯಾಪಾರ ಕಡಿಮೆಯಾಗುತ್ತದೆ ಅನ್ನುವ ಭಯ ನನಗೆ ಒಪ್ಪಿಗೆಯಿಲ್ಲ. ಮನೆಯ ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆಯುವವರು ಇಲ್ಲಿ ತೆಗೆಯಲಾರರೇ? ಬಾಗಿಲು ಆಗದಿದ್ದರೆ ರಾತ್ರಿ ಅಂಗಡಿ ಮುಚ್ಚುವಾಗ ಪರದೆಯನ್ನಾದರೂ ಎಳೆಯಿರಿ.

ಇನ್ನೊಂದನ್ನು ನಾಳೆಯೇ ಮಾಡಬಹುದು, ಖರ್ಚಿಲ್ಲ. ತೆರೆದ ಕಪಾಟಿನ ಮೇಲಿಂದ ತಂಪು ಗಾಳಿ ಪರದೆಯ ಹಾಗೆ ಇಳಿದು ಕೆಳಗಿನ ಜಾಲರಿಯೊಳಗೆ ವಾಪಸ್ ಹೋಗುತ್ತದೆ. ಸಾಮಾನು ಜೋಡಿಸುವವರು ಜಾಗ ಸಾಲದೆ ಆ ಜಾಲರಿ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟರೆ ಸಾಕು, ಗಾಳಿಯ ಪರದೆ ಅಲ್ಲಿಗೆ ತುಂಡಾಯಿತು. ಕಪಾಟಿನೊಳಗೆ ಇಷ್ಟೇ ತುಂಬಿ ಅಂತ ಗೆರೆ ಹಾಕಿರುವುದು ಸುಮ್ನೆ ಅಲ್ಲ.

ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಹೊರಗಿರುತ್ತದೆ, ಅದರ ಧೂಳು ತೊಳೆಸಿ. ಬಾಗಿಲಿನ ರಬ್ಬರ್ ಹರಿದಿದ್ದರೆ ಬದಲಿಸಿ. ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗೆ ಇಡಬೇಡಿ.

ಕೊನೆಗೆ, ಯಂತ್ರದೊಳಗೆ ಸುತ್ತಿ ತಂಪು ಮಾಡುವ ಗ್ಯಾಸಿನ ಮಾತು. ಎಷ್ಟೋ ಅಂಗಡಿಗಳಲ್ಲಿ ಇನ್ನೂ ಆರ್-404ಎ ಅನ್ನುವ ಗ್ಯಾಸ್ ಇದೆ. ಅದು 1 ಕೆಜಿ ಸೋರಿದರೆ ಭೂಮಿ ಬಿಸಿಯಾಗುವುದಕ್ಕೆ ಸುಮಾರು 3,900 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಕಾರಣವಾಗುತ್ತದೆ. ಗ್ಯಾಸ್ ಕಡಿಮೆಯಾದಾಗ ಯಂತ್ರವೂ ಹೆಚ್ಚು ಹೊತ್ತು ಓಡುತ್ತದೆ. ಹಾಗಾಗಿ ಮೆಕ್ಯಾನಿಕ್ ಬಂದು ಸುಮ್ನೆ ಗ್ಯಾಸ್ ತುಂಬಿ ಹೊರಟರೆ ಬಿಡಬೇಡಿ. ಎಲ್ಲಿ ಸೋರುತ್ತಿದೆ ಅಂತ ಹುಡುಕಿಸಿ, ಅದನ್ನು ಮುಚ್ಚಿಸಿ, ಆಮೇಲೆ ತುಂಬಿಸಿಕೊಳ್ಳಿ.

ನಮಸ್ಕಾರ.