ಹೂ ಇಲ್ಲ ಎಂದೂ ಬರೆಯಿರಿ: ಮರಗಳ ಋತುಚಕ್ರ ದಾಖಲಿಸುವವರಿಗೆ

ಸ್ನೇಹಿತರೇ,

ವಹಿಯಲ್ಲಿ ಒಂದು ಸಾಲಿದೆ ಎಂದುಕೊಳ್ಳಿ: "ಶಾಲೆಯ ಗೇಟಿನ ಹೊಂಗೆ, ಮಾರ್ಚ್ 28, ಹೂ ಬಿಟ್ಟಿದೆ." ಇಷ್ಟರಿಂದ ಆ ಮರ ಯಾವಾಗ ಹೂ ಬಿಟ್ಟಿತು ಎಂದು ಹೇಳಲು ಬರುವುದಿಲ್ಲ. 28ಕ್ಕೆ ಹೂ ಇತ್ತು, ಅಷ್ಟೇ. ಶುರುವಾದದ್ದು ಹಿಂದಿನ ದಿನವೋ, ಮೂರು ವಾರದ ಹಿಂದೆಯೋ ಯಾರಿಗೆ ಗೊತ್ತು? ಅದರ ಮೇಲೆ "ಮಾರ್ಚ್ 21, ಹೂ ಇಲ್ಲ" ಎಂಬ ಇನ್ನೊಂದು ಸಾಲಿದ್ದರೆ ಮಾತೇ ಬೇರೆ. ಮೊದಲ ಹೂ ಆ ಏಳು ದಿನಗಳೊಳಗೆ ಅರಳಿದೆ ಎಂದು ಆಗ ಧೈರ್ಯವಾಗಿ ಹೇಳಬಹುದು. ಮರ ಸುಮ್ಮನೆ ನಿಂತಿರುವ ವಾರಗಳಲ್ಲಿ ನೀವು ಬರೆಯುವ ಸೊನ್ನೆಗಳೇ ಹೂ ಅರಳಿದ ದಿನಕ್ಕೆ ಬೆಲೆ ತಂದುಕೊಡುತ್ತವೆ. ಇವತ್ತು ನಾನು ಹೇಳುವ ಉಳಿದದ್ದೆಲ್ಲ ಇದರ ಸುತ್ತಲೇ ಇರುತ್ತದೆ.

ಇಂಥ ದಾಖಲೆಗೆ ಆಯುಸ್ಸು ದೊಡ್ಡದು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನಗಳು ಆಸ್ಥಾನದ ದಿನಚರಿಗಳಲ್ಲಿ, ಹಳೆಯ ವೃತ್ತಾಂತಗಳಲ್ಲಿ ಕ್ರಿ.ಶ. 812ರಿಂದ ಸಿಗುತ್ತವೆ. ಅವನ್ನೆಲ್ಲ ಒಂದೆಡೆ ಜೋಡಿಸಿದ್ದರಿಂದಲೇ, 2021ರ ಮಾರ್ಚ್ 26 ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳಲ್ಲೇ ಅತಿ ಬೇಗನೆ ಬಂದ ದಿನ ಎಂದು ತಿಳಿಯಿತು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ಆರಂಭಿಸಿದ ದಾಖಲೆಯನ್ನು, ನಡುವೆ ಬಿಟ್ಟುಹೋದರೂ, ಅವರ ಮನೆತನದವರು 1958ರವರೆಗೆ ಎಳೆದು ತಂದರು. ನಮ್ಮ ರೈತರಿಗೆ ರೋಹಿಣಿ, ಮೃಗಶಿರ, ಆರಿದ್ರ ಮಳೆಗಳ ಲೆಕ್ಕ ಬಾಯಿಪಾಠ. ಆದರೆ ಇಂಥ ಮರ, ಇಂಥ ತಾರೀಖು ಎಂಬ ಬರಹ ನಮ್ಮಲ್ಲಿ ತೀರಾ ಕಡಿಮೆ. ಆ ಕೊರತೆ ತುಂಬಲು 2010ರ ದಶಕದ ಆರಂಭದಿಂದ ನಡೆಯುತ್ತಿರುವ ಕೆಲಸ ಸೀಸನ್‌ವಾಚ್. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಅದರ ಹಿಂದಿದೆ. ಕೇರಳದ ಶಾಲೆಗಳ ಮಕ್ಕಳು ಅದಕ್ಕೆ ಅಪಾರ ಮಾಹಿತಿ ಕೊಟ್ಟಿದ್ದಾರೆ. ಕರ್ನಾಟಕದಿಂದಲೂ ಅಷ್ಟೇ ಹೋಗಬೇಕು ಎಂಬುದು ನನ್ನ ಆಸೆ.

ಕೆಲಸ ಹೀಗೆ. ದಿನಾ ಹಾದುಹೋಗುವ ದಾರಿಯ ಒಂದು ಬೆಳೆದ ಮರ ಆರಿಸಿ. ವಿದ್ಯುತ್ ತಂತಿಯ ಕೆಳಗಿನದು ಬೇಡ. ವರ್ಷಕ್ಕೊಮ್ಮೆ ಕೊಂಬೆ ಕಡಿಯುತ್ತಾರೆ, ಕಡಿದ ಮರ ಅಕಾಲದಲ್ಲಿ ಚಿಗುರುತ್ತದೆ. ನೀರುಣಿಸುವ ತೋಟದ ಮರವಾದರೆ ಹಾಗೆಂದು ಬರೆದಿಡಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆಯಿರಿ. ಇಳಿಜಾರಿದ್ದರೆ ಮೇಲ್ಬದಿಯಿಂದ ಅಳೆಯಿರಿ. ಗುರುತಿಗೆ ಮೊಳೆ ಹೊಡೆಯಬೇಡಿ, ದಾರ ಕಟ್ಟಿ.

ವಾರಕ್ಕೊಮ್ಮೆ, ಆದಷ್ಟೂ ವಾರದ ಅದೇ ದಿನ, ಏಳು ವಿಷಯ ನೋಡಬೇಕು: ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಪ್ರತಿಯೊಂದಕ್ಕೂ ಮೂರೇ ಉತ್ತರ: ಇಲ್ಲ, ಸ್ವಲ್ಪ, ಬಹಳ. ಇಡೀ ಮರದ ತಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ, ಮೀರಿದರೆ ಬಹಳ. ಕೈಗೆಟುಕುವ ಕೊಂಬೆ ನೋಡಿ ತೀರ್ಪು ಕೊಡಬೇಡಿ. ಬಿಸಿಲು ಬೆನ್ನಿಗಿರುವಂತೆ ನಿಂತು ಒಮ್ಮೆ, ಇನ್ನೊಂದು ಬದಿಯಿಂದ ಒಮ್ಮೆ ನೋಡಿ. ಕೆಳಗೆ ಬಿದ್ದ ಹೂ ಎಣಿಸಬೇಡಿ, ಪಕ್ಕದ ಮರದ್ದಾಗಿರಬಹುದು. ಹೊಸ ತಂಡವಾದರೆ ಮೊದಲ ದಿನ ಇಬ್ಬಿಬ್ಬರು ಒಂದೇ ಮರವನ್ನು ಪ್ರತ್ಯೇಕವಾಗಿ ಬರೆದು ಆಮೇಲೆ ಹೋಲಿಸಲಿ. 'ಸ್ವಲ್ಪ' ಎಂಬುದರ ಅರ್ಥ ಎಲ್ಲರಿಗೂ ಒಂದೇ ಆಗುವುದು ಆಗ.

ತಪ್ಪುಗಳು ಮರಮರಕ್ಕೆ ಬೇರೆ. ಕೆಂಪು ಎಲೆ ಕಂಡರೆ ಜೋಪಾನ: ಮಾವಿನಲ್ಲಿ ತಾಮ್ರಗೆಂಪು ಎಂದರೆ ಚಿಗುರು, ಕಾಡುಬಾದಾಮಿಯಲ್ಲಿ ಕೆಂಪು ಎಂದರೆ ಉದುರಲಿರುವ ಹಣ್ಣೆಲೆ. ಒಂದೇ ಬಣ್ಣ, ಅರ್ಥ ತಿರುಗುಮುರುಗು. ಆಲ, ಅರಳಿ, ಅತ್ತಿಗಳಲ್ಲಿ ಹೂ ಕಾಯಿಯಂಥ ಬುಡ್ಡೆಯೊಳಗೇ ಅಡಗಿರುತ್ತದೆ. ಹೊರಗಿನಿಂದ ಕಾಣದ್ದನ್ನು ಊಹಿಸದೆ ಕಾಯಿ, ಹಣ್ಣನ್ನಷ್ಟೇ ಗುರುತಿಸಿ. ಹಲಸಿನ ಗಂಡು ಹೂಗೊಂಚಲು ಎಳೆಯ ಗುಜ್ಜೆಯಂತೆಯೇ ಕಾಣುತ್ತದೆ, ಕೆಲವು ದಿನಕ್ಕೆ ಕಪ್ಪಾಗಿ ಉದುರುತ್ತದೆ. ಅದನ್ನು ಕಾಯಿ ಎಂದು ಬರೆದವರು ಮುಂದಿನ ವಾರ ಕಾಯಿ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ಕಕ್ಕೆಯ ಕಪ್ಪು ಕೋಡುಗಳು ತಿಂಗಳುಗಟ್ಟಲೆ ನೇತಾಡುತ್ತವೆ, ಮರದ ಮೇಲಿರುವವರೆಗೂ ಅವು ಹಣ್ಣೇ. ಅವುಗಳ ನಡುವೆ ಹೊಸ ಹಸಿರು ಕೋಡು ಮೂಡಿದ ವಾರ ತಪ್ಪಿಹೋಗದಂತೆ ನೋಡಿ. ಹುಣಸೆಯಲ್ಲಿ ಕಾಯಿಗೂ ಹಣ್ಣಿಗೂ ಹೊರಬಣ್ಣ ಹೆಚ್ಚುಕಮ್ಮಿ ಒಂದೇ. ಕೈಗೆ ಸಿಕ್ಕಿದ್ದನ್ನು ಅಮುಕಿ, ಸಿಪ್ಪೆ ಪಟಕ್ಕನೆ ಒಡೆದರೆ ಹಣ್ಣು.

ಮಾವಿನ ಬಗ್ಗೆ ಇನ್ನೊಂದು ಮಾತು. ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಸುಮ್ಮನಿರುವುದು ಅನೇಕ ಮಾವಿನ ತಳಿಗಳ ಸ್ವಭಾವ. ಒಂದೇ ಮರವನ್ನು ಎರಡು ವರ್ಷ ನೋಡಿ ಹವಾಮಾನ ಕೆಟ್ಟಿತು ಎಂದರೆ ಅದು ಮರಕ್ಕೆ ಮಾಡುವ ಅನ್ಯಾಯ. ಒಂದೊಂದು ಜಾತಿಗೆ ಮೂರರಿಂದ ಐದು ಮರ ಇರಲಿ, ವರ್ಷಗಳು ಸೇರುತ್ತಾ ಹೋಗಲಿ.

ಚಳಿದೇಶಗಳಲ್ಲಿ ಚಿಗುರಿಗೆ ಮುಖ್ಯವಾಗಿ ಬೇಕಾದದ್ದು ಬಿಸುಪು. ನಮ್ಮಲ್ಲಿ ಎಷ್ಟೋ ಗಿಡಗಳು ಕಾಯುವುದು ನೀರಿಗೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ಕೇಳಿ: ಒಣಗಿ ನಿಂತ ಗಿಡಕ್ಕೆ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಉಷ್ಣಾಂಶ ಮಾತ್ರ ಬರೆದಿಟ್ಟವರಿಗೆ ಈ ಹೂವಿನ ಕಾರಣ ಸಿಗುವುದೇ ಇಲ್ಲ. ಆದ್ದರಿಂದ ಮರದ ವಹಿಯ ಪಕ್ಕದಲ್ಲೊಂದು ಮಳೆಮಾಪಕ ಇರಲಿ, ಮಳೆಯಿಲ್ಲದ ದಿನದ ಸೊನ್ನೆಯೂ ಅದರಲ್ಲಿ ಬರಲಿ.

ಹಕ್ಕಿಗಳಿಗೂ ಇದೇ ನಿಯಮ. ವಲಸೆ ಹಕ್ಕಿ ಬಂದ ದಿನ ಬರೆಯುವ ಮೈಗ್ರಂಟ್‌ವಾಚ್ 2007ರಲ್ಲಿ ಶುರುವಾಯಿತು; ಈಗ ಅಂಥ ದಾಖಲೆ ಹಕ್ಕಿ ನೋಡುವವರು ಪಟ್ಟಿ ಸೇರಿಸುವ ಅಂತರಜಾಲ ತಾಣವಾದ ಇ-ಬರ್ಡ್‌ಗೆ ಹೋಗುತ್ತದೆ. ಅಲ್ಲಿ ಕನಿಷ್ಠ 15 ನಿಮಿಷ ನಿಂತು, ಗುರುತಿಸಬಲ್ಲ ಹಕ್ಕಿಗಳನ್ನೆಲ್ಲ ಬರೆದ ಪೂರ್ಣ ಪಟ್ಟಿಯೇ ಉತ್ತಮ, ಏಕೆಂದರೆ ಪಟ್ಟಿಯಲ್ಲಿಲ್ಲದ ಹಕ್ಕಿ ಆ ಹೊತ್ತಿಗೆ ಕಣ್ಣಿಗೆ, ಕಿವಿಗೆ ಸಿಗಲಿಲ್ಲ ಎಂದೂ ಅದು ಹೇಳುತ್ತದೆ. ಮಳೆ ತರುವ ಹಕ್ಕಿ ಎಂದು ಹೆಸರಾದ ಚಾತಕದ ವಿಷಯದಲ್ಲಿ ಎಚ್ಚರ ಬೇಕು. ಉತ್ತರ ಹಾಗೂ ಮಧ್ಯ ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನ ಹೊತ್ತಿಗೆ ಬರುತ್ತದೆ. ದಕ್ಷಿಣ ಭಾರತದಲ್ಲಿ ಇಲ್ಲೇ ನೆಲೆಸಿರುವ ಚಾತಕಗಳೂ ಇವೆ. ಇಲ್ಲಿ ಜನವರಿಯಲ್ಲಿ ಕಂಡ ಒಂದನ್ನು ಮುಂಗಾರಿನ ದೂತ ಎಂದು ಬರೆಯಬೇಡಿ.

ಕೊನೆಗೆ ಶಾಲೆಗಳವರಿಗೆ. ನಿಮ್ಮ ದೊಡ್ಡ ತೂತು ಬೇಸಿಗೆ ರಜೆ. ಕಕ್ಕೆ, ಗುಲ್‌ಮೊಹರ್ ಹೂ ಬಿಡುವ ಏಪ್ರಿಲ್, ಮೇ ತಿಂಗಳಲ್ಲೇ ನೋಡುವವರಿಲ್ಲ. ಮಾರ್ಚ್ ಕೊನೆಯೊಳಗೆ ಮರದ ಹತ್ತಿರವೇ ಮನೆಯಿರುವ ಒಬ್ಬರಿಗೆ ವಹಿ ಒಪ್ಪಿಸಿ. ಬಿಸಿಯೂಟ ಮಾಡುವ ಅಕ್ಕ, ಕಾವಲಿನ ಅಣ್ಣ, ಯಾರಾದರೂ ಸರಿ. ತಪ್ಪಿದ ವಾರವನ್ನು ಜೂನ್‌ನಲ್ಲಿ ನೆನಪಿನಿಂದ ತುಂಬಲು ಹೋಗಬೇಡಿ. ನೋಡದ ವಾರ ಖಾಲಿ ಇರಬೇಕು, ನೋಡಿ ಕಾಣದ ವಾರ ಸೊನ್ನೆ ಇರಬೇಕು. ಎರಡನ್ನೂ ಬೆರೆಸಿದರೆ ಯಾವ ಲೆಕ್ಕವೂ ಅದನ್ನು ಬಿಡಿಸಲಾರದು. ಮರ ಬಿದ್ದರೆ, ಕಡಿದರೆ, ಆ ತಾರೀಖು ಬರೆದು ಅದರ ಪುಟ ಮುಚ್ಚಿ. ಪಕ್ಕದ ಮರಕ್ಕೆ ಹೊಸ ಸಂಖ್ಯೆ, ಹೊಸ ಪುಟ.