ಚೀಲದಿಂದ ಒಂದು ಹಿಡಿ ಅಡಿಕೆ: ಬಿಗ್ ಡೇಟಾ ಎಲ್ಲಿ ಎಡವುತ್ತೆ?

ನಮಸ್ಕಾರ ಎಲ್ರಿಗೂ, ಶಿವಮೊಗ್ಗದಿಂದ ಮಾತಾಡ್ತಿದೀನಿ, ಹೊರಗಡೆ ಜೋರು ಮಳೆ, ಸೌಂಡ್ ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.

[ದೃಶ್ಯ: ಅಡಿಕೆ ಮಂಡಿ, ಸಾಲು ಚೀಲಗಳು]

ಮಂಡಿಗೆ ಹೋದವರು ನೋಡಿರ್ತೀರ. ರಾಶಿ ಅಡಿಕೆ ಕೊಳ್ಳೋರು ಪೂರ್ತಿ ಚೀಲ ಸುರಿದು ನೋಡ್ತಾ ಕೂರಲ್ಲ, ಒಂದು ಹಿಡಿ ತಗೊಂಡು, ಒಂದೆರಡು ಕತ್ತರಿಸಿ ನೋಡಿ, ರೇಟ್ ಹೇಳ್ತಾರೆ. ಮಾಹಿತಿನ ಟೇಬಲ್ ಟೇಬಲ್ ಆಗಿ ಜೋಡಿಸಿಟ್ಕೊಳ್ಳೋ ಡೇಟಾಬೇಸ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ.

ಎಸ್‌ಕ್ಯೂಎಲ್ ಅಂದ್ರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಭಾಷೆ, ಅದ್ರಲ್ಲಿ ನಾವು ಏನು ಬೇಕು ಅಂತ ಮಾತ್ರ ಬರಿತೀವಿ, ಹೆಂಗೆ ಹುಡುಕ್ಬೇಕು ಅಂತ ಹೇಳಲ್ಲ. ಯಾವ ಟೇಬಲ್ ಮೊದ್ಲು ತೆಗೀಬೇಕು, ಯಾವುದನ್ನ ಯಾವುದಕ್ಕೆ ಜೋಡಿಸ್ಬೇಕು, ಪುಸ್ತಕದ ಕೊನೇಲಿರೋ ಪದಸೂಚಿ ಥರದ ಇಂಡೆಕ್ಸ್ ಬಳಸ್ಬೇಕಾ ಬೇಡ್ವಾ, ಇದೆಲ್ಲ ತೀರ್ಮಾನ ಮಾಡೋದು ಡೇಟಾಬೇಸ್ ಒಳಗಿರೋ ಕ್ವೆರಿ ಆಪ್ಟಿಮೈಜರ್ ಅನ್ನೋ ಭಾಗ, ಕ್ವೆರಿ ಅಂದ್ರೆ ನಾವು ಕೇಳೋ ಪ್ರಶ್ನೆ. 1979ರಲ್ಲಿ ಐಬಿಎಂನ ಪೆಟ್ರೀಶಿಯಾ ಸೆಲಿಂಜರ್ ಮತ್ತು ಅವರ ತಂಡ ಸಿಸ್ಟಂ ಆರ್ ಅನ್ನೋ ಡೇಟಾಬೇಸ್‌ಗೆ ಇದನ್ನ ಮಾಡಿ ತೋರಿಸಿದ್ರು: ಬೇರೆ ಬೇರೆ ದಾರಿಗೆ ಎಷ್ಟು ಖರ್ಚು, ಅಂದ್ರೆ ಮಷೀನಿಗೆ ಎಷ್ಟು ಕೆಲಸ ಅಂತ ಲೆಕ್ಕ ಹಾಕು, ಕಡಿಮೆ ಖರ್ಚಿನ ದಾರಿ ಹಿಡಿ. ಇವತ್ತಿಗೂ ಹೆಚ್ಚಿನ ಡೇಟಾಬೇಸ್‌ಗಳ ಒಳಗಿರೋ ಯೋಚನೆ ಅದೇ.

ಆದ್ರೆ ಖರ್ಚು ಗೊತ್ತಾಗ್ಬೇಕು ಅಂದ್ರೆ ಎಷ್ಟು ಸಾಲು ಸಿಗುತ್ತೆ ಅಂತ ಮೊದ್ಲೇ ಗೊತ್ತಿರ್ಬೇಕಲ್ಲ? ಅದನ್ನ ಒಂದು ಹಿಡಿ ಡೇಟಾ ನೋಡಿ ಅಂದಾಜಲ್ಲೇ ಹೇಳೋದು. ತೊಂದ್ರೆ ಶುರುವಾಗೋದು ಇಲ್ಲೇ.

[ಸ್ಕ್ರೀನ್ ಮೇಲೆ: 1,00,000 ರೈತರು]

ಸುಮ್ನೆ ಲೆಕ್ಕಕ್ಕೆ ಒಂದು ಟೇಬಲ್ ಇಟ್ಕೊಳಿ, ಒಂದು ಲಕ್ಷ ರೈತರು. ಅದರಲ್ಲಿ ತೀರ್ಥಹಳ್ಳಿ ತಾಲೂಕಿನೋರು ನೂರಕ್ಕೆ ಹತ್ತು, ಅಡಿಕೆ ಬೆಳೆಯೋರು ನೂರಕ್ಕೆ ಇಪ್ಪತ್ತು. ತೀರ್ಥಹಳ್ಳಿಲಿ ಅಡಿಕೆ ಬೆಳೆಯೋರು ಎಷ್ಟು ಜನ? ಮಷೀನು ಎರಡನ್ನೂ ಗುಣಿಸಿ 2,000 ಅನ್ನುತ್ತೆ, ಯಾಕಂದ್ರೆ ಊರಿಗೂ ಬೆಳೆಗೂ ಸಂಬಂಧ ಇಲ್ಲ ಅಂತ ಅದು ಮೊದಲೇ ಅಂದ್ಕೊಂಡಿದೆ. ನಮ್ಮ ಕಡೆಯೋರಿಗೆ ಗೊತ್ತು, ತೀರ್ಥಹಳ್ಳಿ ಅಂದ್ರೇನೇ ತೋಟ, ಹಂಗಾಗಿ ಈ ಲೆಕ್ಕದಲ್ಲಿ ಅದು 8,000 ಇದ್ರೂ ಆಶ್ಚರ್ಯ ಇಲ್ಲ. ನಾಲ್ಕು ಪಟ್ಟು ತಪ್ಪು. ಇನ್ನೊಂದು ಟೇಬಲ್ ಸೇರಿಸಿ, ಮತ್ತೊಂದು ಸೇರಿಸಿ, ತಪ್ಪಿಗೆ ತಪ್ಪು ಗುಣಿಸ್ತಾ ಹೋಗುತ್ತೆ.

2015ರಲ್ಲಿ ಡೇಟಾಬೇಸ್ ಸಂಶೋಧಕ ವಿಕ್ಟರ್ ಲೈಸ್ ಮತ್ತು ಅವರ ಜೊತೆಗಾರರು ಇದನ್ನ ಐಎಂಡಿಬಿ ಸಿನಿಮಾ ಡೇಟಾ ಇಟ್ಕೊಂಡು 113 ಕ್ವೆರಿ ಓಡಿಸಿ ಪರೀಕ್ಷೆ ಮಾಡಿದ್ರು. ಅಂದಾಜು ಸಾವಿರ ಪಟ್ಟು, ಅದಕ್ಕಿಂತ ಜಾಸ್ತಿನೂ ತಪ್ಪಿದ್ದು ಕಂಡ್ತು. ನಂಗೆ ಇದ್ರಲ್ಲಿ ತುಂಬಾ ಹಿಡಿಸಿದ್ದು ಅಂದ್ರೆ ಅವರು ಸಿನಿಮಾ ಡೇಟಾನೇ ಯಾಕೆ ಆರಿಸ್ಕೊಂಡ್ರು ಅನ್ನೋದು: ಪರೀಕ್ಷೆಗೆ ಅಂತಾನೇ ತಯಾರು ಮಾಡಿದ ಡೇಟಾ ತುಂಬಾ ನೀಟಾಗಿರುತ್ತೆ, ನಿಜವಾದ ಡೇಟಾದಲ್ಲಿ ಎಲ್ಲಕ್ಕೂ ಎಲ್ಲದರ ಜೊತೆ ಸಂಬಂಧ ಇರುತ್ತೆ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಬಳಸೋರು ಎಕ್ಸ್‌ಪ್ಲೇನ್ ಅನಲೈಜ್ ಅನ್ನೋ ಕಮಾಂಡ್ ಕೊಟ್ಟು ನೋಡಿ, ಅಂದಾಜು ಎಷ್ಟು ನಿಜ ಎಷ್ಟು ಪಕ್ಕಪಕ್ಕದಲ್ಲೇ ಕಾಣುತ್ತೆ. ಅದರ 2017ರ ವರ್ಷನ್ 10ರಿಂದ, ಊರು ಬೆಳೆ ಥರದ ಈ ಎರಡು ಕಾಲಂಗೆ ಸಂಬಂಧ ಇದೆ ಅಂತ ನಾವೇ ಹೇಳಿಕೊಡಬಹುದು, ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಅಂತ ಕಮಾಂಡ್.

[ದೃಶ್ಯ: ಮೊಬೈಲ್ ನೋಡ್ತಿರೋ ಕೈಗಳು]

ಈಗ ಬಿಗ್ ಡೇಟಾ, ಅಂದ್ರೆ ರಾಶಿ ರಾಶಿ ಡೇಟಾ ಇಟ್ಕೊಂಡು ಜನರ ಮನಸ್ಸು ಅಳೆಯೋ ವಿಷಯಕ್ಕೆ ಬರ್ತೀನಿ. ಅಲ್ಲಿ ಹಿಡಿ ಅಡಿಕೆ ತೆಗೆಯೋದಲ್ಲ, ಚೀಲ ಚೀಲನೇ ಸಿಗುತ್ತೆ. 2014ರಲ್ಲಿ ಬಂದ ಫೇಸ್‌ಬುಕ್ ಅಧ್ಯಯನದಲ್ಲಿ 6,89,003 ಜನ. 2012ರ ಜನವರಿಲಿ ಒಂದು ವಾರ ಕೆಲವರ ಫೀಡ್‌ನಲ್ಲಿ ಖುಷಿ ಪೋಸ್ಟ್ ಕಡಿಮೆ ಮಾಡಿದ್ರು, ಕೆಲವರಿಗೆ ಬೇಜಾರಿನ ಪೋಸ್ಟ್ ಕಡಿಮೆ ಮಾಡಿದ್ರು, ಆಮೇಲೆ ಅವರು ಏನು ಬರಿತಾರೆ ಅಂತ ಪದ ಎಣಿಸಿದ್ರು. ಖುಷಿ ಪೋಸ್ಟ್ ಕಮ್ಮಿ ಕಂಡೋರು ಬರೆದ ಖುಷಿ ಪದನೂ ಕಮ್ಮಿ ಆಯ್ತು, ಆದ್ರೆ ಎಷ್ಟು? ಸಾವಿರ ಪದಕ್ಕೆ ಸುಮಾರು ಒಂದು. ಅಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳೋಕೆ ಲಕ್ಷಗಟ್ಟಲೆ ಜನ ಬೇಕೇ ಬೇಕಿತ್ತು, ಬಿಗ್ ಡೇಟಾದ ಶಕ್ತಿ ಅದು. ಆ ಜನರನ್ನ ಒಂದು ಮಾತು ಕೇಳಿರ್ಲಿಲ್ಲ ಅನ್ನೋದೂ ಅಷ್ಟೇ ನಿಜ, ಪ್ರಕಟಿಸಿದ ಪತ್ರಿಕೆನೇ ಆಮೇಲೆ ಕಳವಳ ವ್ಯಕ್ತಪಡಿಸ್ತು. ನನಗೂ ಅದು ತಪ್ಪು ಅಂತಾನೇ ಅನ್ಸುತ್ತೆ, ಬೇರೆಯೋರ ಮನಸ್ಸಿನ ಮೇಲೆ ಪ್ರಯೋಗ ಮಾಡೋಕೆ ಮುಂಚೆ ಕೇಳ್ಬೇಕು.

ಇನ್ನೊಂದು ವಿಷಯ, ಆ ಚೀಲದಲ್ಲಿ ಇದ್ದಿದ್ದು ಫೇಸ್‌ಬುಕ್‌ನ ಇಂಗ್ಲಿಷಲ್ಲಿ ನೋಡೋರು ಮಾತ್ರ. ಹೊಸನಗರದ ಒಳಗಡೆ ಸಿಗ್ನಲ್‌ಗೋಸ್ಕರ ಗುಡ್ಡ ಹತ್ತೋರು ಇಂಥ ಯಾವ ಚೀಲದಲ್ಲೂ ಸರಿಯಾಗಿ ಬರಲ್ಲ. ಬಂದ್ರೂ, ಪದ ಎಣಿಸೋ ಮಷೀನಿಗೆ ನಮ್ಮ ಮಾತು ಹೆಂಗೆ ಗೊತ್ತಾಗ್ಬೇಕು? ನಮ್ಮಜ್ಜಿನ ಹೆಂಗಿದೀಯೇ ಅಂತ ಕೇಳಿದ್ರೆ "ಏನೋ, ಹಿಂಗೇ ಇದೀನಿ ಮಾರಾಯ್ತಿ" ಅಂತಾರೆ. ಖುಷಿ ಪದ ಒಂದೂ ಇಲ್ಲ, ಆದ್ರೆ ಅವರು ಆರಾಮಾಗಿದಾರೆ ಅಂತ ಅರ್ಥ. ನಿಜವಾಗ್ಲೂ ಕಷ್ಟ ಇದ್ದಾಗ ಅವರು ಮಾತೇ ಆಡಲ್ಲ, ಸುಮ್ನೆ ಅಡಿಕೆ ಸುಲಿತಾ ಕೂತಿರ್ತಾರೆ.

ಹಂಗಾಗಿ ನಿಮ್ಮ ಹತ್ರ ಒಂದು ಕೇಳ್ಕೋತೀನಿ. ನಿಮ್ಮನೇಲಿ ದೊಡ್ಡೋರನ್ನ ಹೆಂಗಿದೀರ ಅಂತ ಕೇಳಿದ್ರೆ ಏನಂತಾರೋ ಅದನ್ನ ಅವರ ಮಾತಲ್ಲೇ, ಅವರನ್ನ ಕೇಳಿಯೇ ಬರೆದು ಕಳಿಸಿ. ಹೆಸರು ಬೇಡ, ತಾಲೂಕು ಮಾತ್ರ ಹಾಕಿ.